ಕೊಪ್ಪರಿಗೆ ದಿಣ್ಣೆ

ಎರೆಗುಂಟೆಯ ಪಡುವಲಿಗೆ ಅರ್ಧ ಹರದಾರಿ ನಡೆದರೆ ಬೋಳು ದಿಣ್ಣೆಯೊಂದು ಸಿಗುತ್ತದೆ. ಅದರ ನೆತ್ತಿಯ ಮೇಲೆ ಒಲೆಗೆ ಹೂಡಿದಂತೆ ಮೂರು ಗುಂಡುಕಲ್ಲುಗಳಿವೆ. ಸುತ್ತಲಿನ ಹಾಸುಬಂಡೆಯಲ್ಲಿ ಬಾನಿಯಷ್ಟು ಅಗಲದ ಕುಳಿಗಳು. ಕುರಿಗಾಹಿಗಳು ಇದನ್ನು ಕೊಪ್ಪರಿಗೆ ದಿಣ್ಣೆ ಎನ್ನುತ್ತಾರೆ. ಆ ಹೆಸರು ಬಂದದ್ದು ಒಬ್ಬ ಅಡುಗೆಯವಳಿಂದ.

ಹಿಂದೆ ಒಮ್ಮೆ ಈ ಸೀಮೆಯನ್ನು ಪಾಳೆಯಗಾರನೊಬ್ಬ ಆಳುತ್ತಿದ್ದನಂತೆ. ಆ ಕಾಲದಲ್ಲಿ ಕುದುರೆಯಿದ್ದವನದೇ ರಾಜ್ಯ. ಹತ್ತು ಕಾಲಾಳುಗಳು ಈಟಿ ಹಿಡಿದು ನಿಂತರೂ ಒಬ್ಬ ರಾವುತ ನಾಗಾಲೋಟದಲ್ಲಿ ಬಂದರೆ ಸಾಲು ಮುರಿಯುತ್ತಿತ್ತು. ಪಾಳೆಯಗಾರನ ಲಾಯದಲ್ಲಿ ಅರವತ್ತು ಕುದುರೆಗಳಿದ್ದವು; ಅವಕ್ಕೆ ಹುರುಳಿ ಬೇಯಿಸುವ ಕೆಲಸ ಗಾದ್ರವ್ವನದು. ದಿನಾ ಬೆಳಗ್ಗೆ ಕೊಪ್ಪರಿಗೆಯ ಅಂಚಿಗೆ ಸೌಟಿನಿಂದ ಮೂರು ಸಲ ಬಡಿದು, "ಬರ್ರೋ ನನ್ನಪ್ಪಗಳಾ" ಎಂದು ಕೂಗಿದರೆ ಸಾಕು, ಅರವತ್ತೂ ಓಡಿಬರುತ್ತಿದ್ದವು. ಒಂದು ಸುಗ್ಗಿಯಲ್ಲಿ ನೆರೆಸೀಮೆಯ ದಳವಾಯಿ ಲಾಯಕ್ಕೆ ನುಗ್ಗಿ ಅಷ್ಟನ್ನೂ ಹೊಡೆದುಕೊಂಡು ಹೋದ. ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಹುರುಳಿ ಮಾತ್ರ ಉಳಿಯಿತು. ಗಾದ್ರವ್ವ ಅದನ್ನೇ ಕಾಲಾಳುಗಳಿಗೆ ಬೇಯಿಸಿಕ್ಕಿದಳು. ಕುದುರೆ ಮೇವು ತಿಂದರೂ ಕುದುರೆಯ ಓಟ ಬರಲಿಲ್ಲವಲ್ಲ ಎಂದು ಅವರು ಗೊಣಗುತ್ತಲೇ ಉಣ್ಣುತ್ತಿದ್ದರು.

ಮರುವರ್ಷ ಅದೇ ದಳವಾಯಿ ಅವೇ ಕುದುರೆಗಳ ಮೇಲೆ ತನ್ನ ರಾವುತರನ್ನು ಹತ್ತಿಸಿಕೊಂಡು ಊರು ಸುಡಲು ಬಂದ. ತಡೆಯಲು ದಿಣ್ಣೆಯ ಮೇಲೆ ನಿಂತವರು ನಲವತ್ತೇ ಮಂದಿ. ಮುಂದಿನ ಸಾಲಿನಲ್ಲಿ ಗಾದ್ರವ್ವನ ಒಬ್ಬನೇ ಮಗ ಕಾಟಯ್ಯ ಇದ್ದ. ಅವರ ಬೆನ್ನಹಿಂದೆ ಗಾದ್ರವ್ವ ಮೂರು ಗುಂಡುಕಲ್ಲು ಹೂಡಿ ಕೊಪ್ಪರಿಗೆ ಇಟ್ಟಿದ್ದಳು; ಬೆಳಗಿನ ಹುರುಳಿ ಆಗಷ್ಟೇ ಬೆಂದಿತ್ತು, ಯಾರೂ ಇನ್ನೂ ಉಂಡಿರಲಿಲ್ಲ.

"ಅವ್ವಾ, ದಿಣ್ಣೆ ಹಿಂದ್ಲ ಗವಿಗೆ ಹೋಗವ್ವ. ಕುದುರೆ ಮುಂದೆ ನಾವೇ ನಿಲ್ಲಾಕಾಗಲ್ಲ" ಎಂದ ಮಗ.

ಗಾದ್ರವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ದೂರದಲ್ಲಿ ಬರುತ್ತಿದ್ದ ಕುದುರೆಗಳನ್ನು ನೋಡಿದಳು. "ಹೊಟ್ಟೆ ಬೆನ್ನಿಗಂಟೈತಲ್ಲೋ! ಪಾಪಿ, ಉಣ್ಣಾಕಿಕ್ಕದೆ ಓಡಿಸ್ಕಂಡು ಬಂದವ್ನೆ."

ಹೇಳುತ್ತಿದ್ದಂತೆಯೇ ಅವಳಿಗೆ ಉಪಾಯ ಹೊಳೆಯಿತು. ಉಂಡ ಮನೆಯನ್ನು ಮನುಷ್ಯರೇ ಮರೆಯುವಾಗ ಮೂಕಪ್ರಾಣಿಗಳು ವರ್ಷದ ಮೇಲೆ ನೆನಪಿಟ್ಟಾವೇ ಎಂದು ಅನುಮಾನಿಸುತ್ತಲೇ ಸೌಟೆತ್ತಿ ಮೂರು ಸಲ ಬಡಿದು ಕೂಗಿದಳು. ಕುದುರೆಗಳು ದಿಕ್ಕು ಬದಲಿಸದೆ ಈಟಿಗಳತ್ತಲೇ ನುಗ್ಗಿ ಬಂದವು. ಕಾಟಯ್ಯ ಈಟಿಯನ್ನು ನೆಲಕ್ಕೂರಿ ಕಣ್ಣು ಮುಚ್ಚಿದ. ಅವಳು ಮತ್ತೆ ಬಡಿದಳು. ಆಗ ಮುಂದಿದ್ದ ಮುದಿ ಹೆಣ್ಣುಕುದುರೆ ಕಿವಿ ನಿಮಿರಿಸಿತು. ಕಡಿವಾಣ ಜಗ್ಗಿದರೂ ಬಗ್ಗದೆ, ಈಟಿಗಳ ಸಾಲನ್ನು ಸುತ್ತಿಕೊಂಡು ಅವಳ ಬಳಿಗೇ ಬಂತು. ಮಿಕ್ಕವೂ ಅದರ ಬೆನ್ನಿಗೇ ಬಂದವು. ಕೊಪ್ಪರಿಗೆಯೊಂದೇ ಸಾಲದೆ ಗಾದ್ರವ್ವ ಬಂಡೆಯ ಕುಳಿಗಳಿಗೆಲ್ಲ ಹುರುಳಿ ಸುರಿದಳು. ಕೆಲವು ರಾವುತರು ಉರುಳಿಬಿದ್ದರು. ಮಿಕ್ಕವರು ತಲೆ ತಗ್ಗಿಸಿ ಮೇಯುವ ಕುದುರೆಗಳ ಮೇಲೆ ಬರಿದೆ ಕತ್ತಿ ಹಿಡಿದು, ಮೆರವಣಿಗೆ ನಿಂತುಹೋದ ಮದುವೆ ಗಂಡುಗಳಂತೆ ಕೂತಿದ್ದರು. ಕಾಲಾಳುಗಳು ಒಬ್ಬೊಬ್ಬರನ್ನೇ ಇಳಿಸಿ ಕತ್ತಿ ಕಿತ್ತುಕೊಂಡರು.

"ನೀನು ನಡ್ಕಂಡೇ ಊರಿಗೆ ಹೋಗಪ್ಪ, ಅವು ಉಣ್ಲಿ" ಎಂದು ದಳವಾಯಿಗೆ ಹೇಳಿ ಗಾದ್ರವ್ವ ಮಗನ ಕಡೆ ತಿರುಗಿದಳು. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಅವನ ತಲೆ, ಭುಜ, ಕೈ ಎಲ್ಲವನ್ನೂ ಮುಟ್ಟಿ ನೋಡುತ್ತ ಗಟ್ಟಿಯಾಗಿ ಅತ್ತುಬಿಟ್ಟಳು. ಹೋದ ಜೀವ ಬಂದಂತಾಗಿತ್ತು ಅವಳಿಗೆ.

ಈ ಸೀಮೆಯಲ್ಲಿ ದಂಡು ಎದುರಾದ ಬಯಲಿಗೆಲ್ಲ ವೀರಗಲ್ಲುಗಳುಂಟು. ಬಂದವರು ಈ ದಿಣ್ಣೆಯನ್ನೂ ಸುತ್ತಿ ಹುಡುಕುತ್ತಾರೆ. ಕಾಣುವುದು ಮೂರು ಗುಂಡುಕಲ್ಲು, ಕುಳಿಗಳಲ್ಲಿ ನಿಂತ ಮಳೆನೀರು, ಅಷ್ಟೇ. ವೀರಗಲ್ಲು ಎಲ್ಲಿ ಎಂದು ಕೇಳಿದರೆ ಎರೆಗುಂಟೆಯ ಹಿರಿಯರು, "ಯಾರಾದ್ರೂ ಸತ್ತಿದ್ರೆ ತಾನೇ ನಿಲ್ಸೋದು?" ಎನ್ನುತ್ತಾರೆ.