ಅರಿಯೆನಯ್ಯನ ಕೆರೆ

ಬಿಳಿಗಲ್ಲೂರಿನ ಮೂಡಣಕ್ಕೆ ಕೂಗಳತೆ ದೂರದಲ್ಲಿ ಒಂದು ಸಣ್ಣ ಕೆರೆ ಇದೆ. ಏರಿಯ ಮೇಲೆ ಎರಡು ಬೇವಿನ ಮರ, ತೂಬಿನ ಪಕ್ಕದಲ್ಲಿ ಬಾಗಿಲಿಲ್ಲದ ಈಶ್ವರನ ಗುಡಿ, ಗುಡಿಯ ಎದುರಿಗೆ ಆಳೆತ್ತರದ ಶಾಸನದ ಕಲ್ಲು. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಕೈಮುಗಿದು ಕೂತ ಒಬ್ಬರು, ಇನ್ನೊಂದು ಬದಿಗೆ ಕರುವಿಗೆ ಹಾಲೂಡುವ ಹಸು. ಅದರ ಕೆಳಗೆ ಹದಿನಾಲ್ಕು ಸಾಲು ಹಳೆಯ ಅಕ್ಷರ. ಕಾಗದಪತ್ರಗಳಲ್ಲಿ ಈ ಕೆರೆಗೆ ಬೇರೇನೋ ಹೆಸರಿದೆಯಂತೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಯಾರೂ ತೋರಿಸಲಾರರು. ಅರಿಯೆನಯ್ಯನ ಕೆರೆ ಎಂದರೆ ದನ ಕಾಯುವವರೂ ಕೈ ನೀಡಿ ತೋರಿಸುತ್ತಾರೆ. ಹೊಸಬರು ಇದನ್ನು ಕೇಳಿ, ಅರಿಯೆನಯ್ಯ ಯಾರೋ ಪವಾಡ ಮಾಡಿದ ಶರಣನಿರಬೇಕು ಎಂದು ತಿಳಿದು ಕೈಮುಗಿಯುತ್ತಾರೆ. ಮುಗಿಯಲಿ, ತಪ್ಪೇನಿಲ್ಲ. ಆದರೆ ಅವನು ಪವಾಡ ಮಾಡಿದವನಲ್ಲ. ಮಾಡಬಾರದ್ದೊಂದನ್ನು ಮಾಡಿ, ಅದನ್ನು ಊರೆದುರು ಒಪ್ಪಿಕೊಂಡವನು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೂ ಮುಗಿಯುತ್ತ ಬಂದಿದ್ದಾಗ, ಈ ಊರಲ್ಲಿ ಸಿದ್ಧವೀರಯ್ಯ ಎಂಬ ಐಗಳು ಮಠ ನಡೆಸುತ್ತಿದ್ದರು. ಮಠವೆಂದರೆ ಚಾವಡಿಯ ಪಕ್ಕದ ಒಂದು ಅಂಕಣ; ನೆಲದ ಮೇಲೆ ಜರಡಿ ಹಿಡಿದ ಮರಳು, ಮರಳಿನ ಮೇಲೆ ಮಕ್ಕಳ ಬೆರಳು. ಸುತ್ತ ಏಳು ಹಳ್ಳಿಗೆ ಓಲೆ ಬರೆಯಲು, ಬಂದ ಓಲೆ ಓದಿ ಹೇಳಲು ಅವರೊಬ್ಬರೇ. ಮೂರು ಹೊತ್ತೂ ಲಿಂಗಪೂಜೆ ತಪ್ಪಿಸಿದವರಲ್ಲ, ಸುಳ್ಳಾಡಿದವರಲ್ಲ. ಅವರು ದಾರಿಯಲ್ಲಿ ಬಂದರೆ ಗೌಡನೂ ಕಟ್ಟೆಯಿಂದ ಇಳಿದು ನಿಲ್ಲುತ್ತಿದ್ದನಂತೆ. ಇಷ್ಟು ಮರ್ಯಾದೆ ಮನುಷ್ಯನಿಗೆ ಒಳ್ಳೆಯದೋ ಅಲ್ಲವೋ, ಶಿವನೇ ಬಲ್ಲ.

ಒಂದು ವರ್ಷ ಮುಂಗಾರು ಕೈಕೊಟ್ಟು ಕೆರೆಯ ನೀರು ನಡುಮಟ್ಟಕ್ಕಿಳಿಯಿತು. ಕೆಳಕೇರಿಯ ಕುಂಬಾರರು ಅನಾದಿಯಿಂದಲೂ ಆ ಕೆರೆಯ ನೀರು ಕುಡಿದು, ಅದರ ಅಂಗಳದ ಜೇಡಿಯನ್ನೇ ಅಗೆದು ಮಡಕೆ ಮಾಡುತ್ತಿದ್ದವರು. ಜೇಡಿ ಅಗೆದು ನೀರು ರಾಡಿಯಾಗುತ್ತದೆ ಎಂದು ಮೇಲ್ಕೇರಿಯವರು ತಗಾದೆ ತೆಗೆದರು. ಮಾತಿಗೆ ಮಾತು ಬೆಳೆದು, ಕೊನೆಗೆ ಗೌಡ, "ಜಗಳ ಯಾಕೆ? ಕಲ್ಲು ನೆಟ್ಟಿದ್ದಾರಲ್ಲ ಹಿರಿಯರು. ಅದು ಏನು ಹೇಳ್ತದೋ ಹಂಗೇ ನಡೀಲಿ" ಎಂದ. ಎರಡೂ ಕೇರಿಯವರು ಒಪ್ಪಿದರು. ಐಗಳನ್ನು ಕರೆತಂದರು.

ಐಗಳು ಕಲ್ಲಿನ ಮುಂದೆ ನಿಂತರು. ಇಪ್ಪತ್ತು ವರ್ಷ ಆ ಗುಡಿಗೆ ಬಂದು ಹೋದವರು ಆ ಕಲ್ಲನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಈಗ ನೋಡಿದರೆ ಒಂದಕ್ಷರವೂ ಕೈಗೆ ಹತ್ತದು. ಹೌದು, ಕನ್ನಡವೇ ಇರಬೇಕು. ಆದರೆ ಕಂಡ ಮುಖವಲ್ಲ. ತಲೆಕಟ್ಟು ಬೇರೆ, ಹೊಟ್ಟೆ ಬೇರೆ, ಕೊಂಬು ಬೇರೆ. ಬೆನ್ನ ಹಿಂದೆ ಊರಿಗೆ ಊರೇ ನಿಂತಿತ್ತು, ಅವರೇ ಬೆರಳು ಹಿಡಿದು ತಿದ್ದಿಸಿದ ಮಕ್ಕಳು ನಿಂತಿದ್ದರು. ಬಾರದು ಎಂಬ ಮಾತು ಗಂಟಲಿನವರೆಗೆ ಬಂತು ಎನ್ನುತ್ತಾರೆ. ಅಷ್ಟರಲ್ಲಿ ಗುಂಪಿನಿಂದ ಯಾರೋ, "ಐಗಳಿಗೆ ಮರಳ ಮೇಲಿಂದು ಮಾತ್ರ ಬರ್ತದೋ, ಕಲ್ಲ ಮೇಲಿಂದೂ ಬರ್ತದೋ?" ಎಂದು ಕುಚೋದ್ಯ ಮಾಡಿದರು. ನಾಲ್ಕು ಜನ ನಕ್ಕರು. ಗಂಟಲಿಗೆ ಬಂದ ಮಾತು ಹಿಂದಕ್ಕೆ ಇಳಿದುಹೋಯಿತು.

ಐಗಳ ಕಣ್ಣು ಅಕ್ಷರ ಬಿಟ್ಟು ಮೇಲಕ್ಕೆ ಹೋಯಿತು. ಲಿಂಗ ಕಂಡಿತು: ದೇವರ ಆಸ್ತಿ. ಕೈಮುಗಿದವರು ಕಂಡರು: ಪೂಜಾರಿ. ಹಸು ಕರು ಕಂಡವು: ಗುಡಿಗೆ ಬಿಟ್ಟ ಗೋದಾನ. ಸೂರ್ಯ ಚಂದ್ರರು ಕಂಡರು: ಅವರಿರುವವರೆಗೂ ಹೀಗೆಯೇ. ಅಕ್ಷರ ಬಲ್ಲವರು ಅಕ್ಷರ ಅರಿಯದ ಕೂಸಿನ ಹಾಗೆ ಚಿತ್ರ ನೋಡಿ ಕಥೆ ಕಟ್ಟಿದರು. ಬೆರಳನ್ನು ಮಾತ್ರ ಸಾಲಿನಿಂದ ಸಾಲಿಗೆ, ಓದುವವರಂತೆಯೇ ಆಡಿಸಿದರು. "ಈ ನೀರು ಸ್ವಾಮಿಯ ಅಭಿಷೇಕಕ್ಕೂ ಸ್ವಾಮಿಯ ಗದ್ದೆಗೂ ಬಿಟ್ಟದ್ದು. ಗುಡಿಗೆ ನಡೆದುಕೊಳ್ಳುವ ಮೇಲ್ಕೇರಿಯವರು ಬಳಸಬಹುದು. ಅಂಗಳಕ್ಕೆ ಗುದ್ದಲಿ ಹಾಕಬಾರದು."

ಕುಂಬಾರರ ಮಾಳವ್ವ ಮುಂದೆ ಬಂದಳು. "ಅಯ್ಯನೋರೇ, ಇದು ನಮ್ಮೋರೇ ತೋಡಿಸಿದ ಕೆರೆ ಅಂತ ನಮ್ಮಜ್ಜಿ ಹಾಡು ಹೇಳ್ತಿದ್ಲು. ಅವಳಿಗೆ ಅವಳಜ್ಜಿ ಹೇಳಿದ್ದಂತೆ."

"ಬಾಯಿಮಾತು ಗಾಳಿಗೆ ಹೋಗ್ತದೆ, ತಾಯಿ. ಬರಹ ನಿಲ್ತದೆ," ಎಂದರು ಐಗಳು.

ಮಾಳವ್ವ ಕಲ್ಲನ್ನೂ ಅವರ ಮುಖವನ್ನೂ ನೋಡಿದಳು. "ನೀವು ಓದಿದ ಮೇಲೆ ಮುಗೀತು ಬಿಡಿ," ಎಂದು ಸೆರಗು ಹೊದ್ದು ತಿರುಗಿ ನಡೆದಳು.

ಅಂದಿನಿಂದ ಕೆಳಕೇರಿಯ ಹೆಂಗಸರು ಹರದಾರಿ ದೂರದ ಹಳ್ಳದಿಂದ ನೀರು ಹೊರತೊಡಗಿದರು. ಅಲ್ಲಿನ ಮಣ್ಣು ಮಡಕೆಗೆ ಬಾರದು, ಸುಟ್ಟರೆ ಸೀಳುತ್ತದೆ. ಮಡಕೆ ಸುಡುವ ಆವಿಗೆಗಳು ಒಂದೊಂದಾಗಿ ಆರಿದವು. ನಾಲ್ಕು ಮನೆ ಊರು ಬಿಟ್ಟವು. ಮೂರನೆಯ ವರ್ಷ ಮಾಳವ್ವನ ಸೊಸೆ ಈರವ್ವ ತುಂಬಿದ ಬಸುರಿ, ತುಂಬಿದ ಕೊಡ ಹೊತ್ತು ಹಳ್ಳದ ದಡ ಹತ್ತುವಾಗ ಜಾರಿದಳು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಆ ವರ್ಷವೂ ಯುಗಾದಿಗೆ ಮಾಳವ್ವ ಎಂದಿನಂತೆ ಮಠಕ್ಕೆ ಹೊಸ ಮಡಕೆ ತಂದುಕೊಟ್ಟಳು. ಎಲ್ಲಿಂದ ಮಣ್ಣು ಹೊತ್ತು ತಂದಿದ್ದಳೋ! ಐಗಳು ಕಣ್ಣೆತ್ತದೆ, "ನನ್ನ ಮೇಲೆ ಸಿಟ್ಟಿಲ್ಲವೇ, ಮಾಳವ್ವ?" ಎಂದರು. "ನಿಮ್ಮ ಮೇಲೆ ಯಾಕೆ ಸಿಟ್ಟು? ಕಲ್ಲು ಹೇಳಿದ್ದು ನೀವು ಹೇಳಿದ್ರಿ," ಎಂದಳು ಅವಳು. ಬೈದಿದ್ದರೆ ಐಗಳು ತಡೆದುಕೊಳ್ಳುತ್ತಿದ್ದರು. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಆ ಮಡಕೆಗೆ ಅವರು ನೀರು ತುಂಬಿಸಲಿಲ್ಲ. ಮರಳಿನ ಮೇಲೆ ಮಕ್ಕಳು ಬರೆದದ್ದನ್ನು ಒರೆಸುವಾಗ, ಹೀಗೆ ಒರೆಸಿಹೋಗುವುದನ್ನಷ್ಟೇ ನಾನು ಬಲ್ಲೆ ಎಂದು ಅವರ ಮುಖ ಸಣ್ಣದಾಗುತ್ತಿತ್ತು. ಪೂಜೆಯ ನೆವದಲ್ಲಿ ಕಲ್ಲಿಗೆ ವಿಭೂತಿ ಬಳಿದು ಅಕ್ಷರ ಎಬ್ಬಿಸಿ ನೋಡಿದರು. ಕಲ್ಲು ಬಾಯಿ ಬಿಡಲಿಲ್ಲ.

ಏಳನೆಯ ವರ್ಷ ಚೈತ್ರದಲ್ಲಿ, ತೀರ್ಥಯಾತ್ರೆಗೆ ಹೊರಟ ಒಬ್ಬ ಜೈನ ಸನ್ಯಾಸಿನಿ ಗುಡಿಯ ನೆರಳಲ್ಲಿ ಎರಡು ದಿನ ತಂಗಿದರು. ಅಜ್ಜಮ್ಮನೆಂದೇ ಊರವರು ಅವರನ್ನು ಕರೆದರು. ಓಲೆಗರಿ ಓದಿ ಓದಿ ಕಣ್ಣು ಮಂಜಾಗಿದ್ದ ಹಣ್ಣು ಮುದುಕಿ. ಮಧ್ಯಾಹ್ನ ಐಗಳು ಬಂದಾಗ ಆಕೆ ಕಣ್ಣು ಮುಚ್ಚಿ, ಕಲ್ಲಿನ ಅಕ್ಷರದ ಗುಳಿಯೊಳಗೆ ಬೆರಳಿಟ್ಟು, ಕುರುಡರು ಮೊಮ್ಮಗುವಿನ ಮುಖ ತಡವಿದ ಹಾಗೆ ತಡವುತ್ತ ತುಟಿಯಾಡಿಸುತ್ತಿದ್ದರು. ಐಗಳು ಹತ್ತಿರ ಬಂದು ಕೂತರು. "ಅದನ್ನು ಓದಲು ಬರುತ್ತದೆಯೇ, ತಾಯಿ?" ಎಂದರು.

"ಒಂದಷ್ಟು ಬರ್ತದೆ ಮಗ. ಮೂರನೇ ಸಾಲಿನಲ್ಲಿ ಎರಡು ಅಕ್ಷರ ಅರಿಯೆ," ಎಂದರು ಆಕೆ, ನೀರು ಕುಡಿದಷ್ಟು ಸಲೀಸಾಗಿ. ಆಮೇಲೆ ನಗುತ್ತ ಹೇಳಿದರು: "ಅಕ್ಷರಕ್ಕೂ ಮುಪ್ಪು ಉಂಟು. ಕಡಲಾಚೆ ಹೋಗಿಬಂದ ವರ್ತಕರಿಂದ ಕೇಳಿದ್ದೇನೆ. ಒಂದು ದೇಶದಲ್ಲಿ ಗೋಡೆ ತುಂಬ ಹಕ್ಕಿ, ಹಾವು, ಕಣ್ಣು ಕೊರೆದು ಬರೆದರಂತೆ. ಇವತ್ತು ಅದನ್ನು ಓದುವವರು ಅಲ್ಲಿಯೂ ಒಬ್ಬರಿಲ್ಲ. ಇನ್ನೊಂದು ಕಡೆ ಹಸಿ ಜೇಡಿಯ ಮೇಲೆ ಜೊಂಡಿನ ಕಡ್ಡಿ ಒತ್ತಿ ಬರೆದು, ಮಡಕೆಯ ಹಾಗೆ ಸುಡ್ತಿದ್ದರಂತೆ. ಓಲೆಗೂ ಮೊದಲು, ಕಾಗದಕ್ಕೂ ಮೊದಲು ಅಕ್ಷರ ಹೊತ್ತದ್ದು ಕುಂಬಾರರ ಮಣ್ಣು ನೋಡು."

ಕುಂಬಾರರ ಮಣ್ಣು ಎಂಬ ಮಾತಿಗೆ ಐಗಳು ತಲೆ ತಗ್ಗಿಸಿದರು. ಅಜ್ಜಮ್ಮ ಕಲ್ಲಿನ ಮಾತನ್ನು ಬಿಡಿಸಿ ಹೇಳಿದರು: ಕುಂಬಾರ ಮಾಚನ ಹೆಂಡತಿ ಕಾಳಬ್ಬೆ, ಎಳೆಗೂಸನ್ನು ಕಳೆದುಕೊಂಡ ದುಃಖದಲ್ಲಿ, ಅದರ ಪುಣ್ಯಕ್ಕೆಂದು ಈ ಕೆರೆ ಕಟ್ಟಿಸಿದಳು. ನೀರೂ ಮಣ್ಣೂ ಊರ ಸಮಸ್ತರಿಗೆ, ದನಕರುಗಳಿಗೆ, ದಾರಿಹೋಕರಿಗೆ. ತಡೆದವನು ವಾರಣಾಸಿಯಲ್ಲಿ ಸಾವಿರ ಕವಿಲೆಯ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವನು. ಮೇಲಿನ ಹಸು ದಾನದ ಹಸುವಲ್ಲ. ಆ ಶಾಪದ ಹಸು. ಕೈಮುಗಿದವರು ಪೂಜಾರಿಯಲ್ಲ, ಕಾಳಬ್ಬೆ. ಲಿಂಗ ಬರೀ ಸಾಕ್ಷಿಗೆ ನಿಂತದ್ದು. ಕೂಸು ಕಳೆದುಕೊಂಡ ಕಾಳಬ್ಬೆಯ ಕೆರೆಯನ್ನೇ ತಡೆದು ಈರವ್ವನ ಮಡಿಲು ಬರಿದು ಮಾಡಿದೆನಲ್ಲ ಎಂದುಕೊಂಡರು ಐಗಳು.

ಮರುದಿನ ಅಜ್ಜಮ್ಮ ತಮ್ಮ ದಾರಿ ಹಿಡಿದು ಹೋದರು. ಇನ್ನು ಕಲ್ಲಿನ ಮಾತು ಬಲ್ಲವರು ಊರಲ್ಲಿ ಐಗಳ ಹೊರತು ಯಾರೂ ಇರಲಿಲ್ಲ. ಮನುಷ್ಯನ ಮನಸ್ಸು ನೋಡಿ: ಪಶ್ಚಾತ್ತಾಪದ ಬಾಗಿಲಲ್ಲೂ ಅದು ಮರ್ಯಾದೆಯ ಕಿಟಕಿ ಹುಡುಕುತ್ತದೆ. ಸ್ವಾಮಿ ಕನಸಿನಲ್ಲಿ ಬಂದು, ಕೆರೆಯನ್ನು ಎಲ್ಲರಿಗೂ ಬಿಡು ಎಂದ ಎಂದು ಹೇಳಿದರೆ ಸಾಕಲ್ಲ? ಕೆರೆಯೂ ಬಿಡುಗಡೆ, ಮಾನವೂ ಉಳಿಯಿತು. ಊರು ಅಡ್ಡಬೀಳುತ್ತದೆ ಕೂಡ. ಹೀಗೆಂದುಕೊಂಡೇ ಐಗಳು ಪೂಜೆಗೆ ಕೂತರು. ಆದರೆ ಅಂಗೈ ಮೇಲಿನ ಲಿಂಗವನ್ನು ಕಣ್ಣೆತ್ತಿ ನೋಡಲಾಗಲಿಲ್ಲ. ಕಲ್ಲಿನ ಹೆಸರಲ್ಲಿ ಒಂದು ಸುಳ್ಳು ಹೇಳಿದ್ದಾಯಿತು; ಈಗ ನಿನ್ನ ಹೆಸರಲ್ಲಿ ಇನ್ನೊಂದು ಹೇಳಲೇ, ತಂದೆ? ಎಂದು ಅತ್ತರಂತೆ. ಪೂಜೆ ಅರ್ಧಕ್ಕೆ ನಿಂತದ್ದು ಅವರ ಜನ್ಮದಲ್ಲಿ ಅದೊಂದೇ ದಿನ. ಎದ್ದು ಹೋಗಿ, ಎರಡೂ ಕೇರಿಯವರನ್ನು ಕೆರೆಯ ಬಳಿ ಕರೆಸಬೇಕೆಂದು ಗೌಡನನ್ನು ಬೇಡಿಕೊಂಡರು.

ಜನ ಸೇರಿತು. ಐಗಳು ಏಳು ವರ್ಷದ ಹಿಂದೆ ನಿಂತ ಜಾಗದಲ್ಲೇ ನಿಂತರು. "ಅರಿಯೆನು," ಎಂದರು. ಯಾರಿಗೂ ತಿಳಿಯಲಿಲ್ಲ. "ಈ ಕಲ್ಲಿನ ಅಕ್ಷರ ನಾನು ಅರಿಯೆನು. ಅವತ್ತೂ ಅರಿಯೆ. ಓದಿದವರ ಹಾಗೆ ಬೆರಳು ಆಡಿಸಿದೆ, ಅಷ್ಟೆ." ಅಜ್ಜಮ್ಮ ಓದಿದ್ದನ್ನು, ಆಕೆಯೂ ಅರಿಯೆ ಎಂದ ಮೂರನೆಯ ಸಾಲಿನ ಎರಡು ಅಕ್ಷರದ ಸಮೇತ, ಒಪ್ಪಿಸಿದರು. ಗೌಡನ ಮುಖ ಕಪ್ಪಿಟ್ಟಿತು. "ಥೂ, ನಿಮ್ಮ ಮಾತು ನಂಬಿ ನಮ್ಮ ಕೈಯಲ್ಲೂ ಪಾಪ ಮಾಡಿಸಿದ್ರಲ್ಲಾ!" ಎಂದ. ನೀರು ಬಳಸಿದ ಮೇಲ್ಕೇರಿಯವರು ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತರು. ಹಳ್ಳಕ್ಕೆ ಹೊರಟಿದ್ದ ಮಾಳವ್ವ ಬರಿಗೊಡ ಹಿಡಿದೇ ಮುಂದೆ ಬಂದಳು.

"ಅವತ್ತು ಈ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ ಅಯ್ಯನೋರೇ," ಎಂದಳು. "ನಾವ್ಯಾರೂ ನಗ್ತಿರ್ಲಿಲ್ಲ. ನಮಗೆ ಯಾರಿಗೆ ಓದು ಬರ್ತಿತ್ತು?"

ಐಗಳು ಅವಳ ಕಾಲಿಗೆ ಬಾಗಲು ಹೋದರು. ಅವಳು ಹಿಂದೆ ಸರಿದು, ಕಂಕುಳಲ್ಲಿದ್ದ ಬರಿಗೊಡವನ್ನು ಅವರ ಮುಂದೆ ಇಟ್ಟಳು. "ಕಾಲು ಬ್ಯಾಡ. ಹೊರ್ರಿ." ಐಗಳು ಕೆರೆಗಿಳಿದು ಕೊಡ ತುಂಬಿ, ಹೆಗಲಿಗೇರಿಸಿ, ಊರ ನಡುವಿನ ದಾರಿಯಲ್ಲೇ ಕೆಳಕೇರಿಗೆ ನಡೆದು, ಈರವ್ವನ ಹೊಸ್ತಿಲಲ್ಲಿ ಇಳಿಸಿದರು. ಅವಳು ಬಾಗಿಲಿಗೆ ಬರಲಿಲ್ಲ. ಮರುದಿನವೂ ಹೊತ್ತರು, ಆಮೇಲೆ ದಿನವೂ. ಮಠಕ್ಕೆ ಮಕ್ಕಳು ಬರುವುದು ನಿಂತಿತು. ಮರಳಿನ ಮೇಲೆ ಗುಬ್ಬಿಗಳ ಹೆಜ್ಜೆ ಮಾತ್ರ ಬಿದ್ದವು. ಆವಿಗೆಗಳು ಮತ್ತೆ ಹೊಗೆಯಾಡಿದವು, ಊರು ಬಿಟ್ಟವರಲ್ಲಿ ಎರಡು ಮನೆ ಹಿಂದಿರುಗಿದವು. ಜನ ಅವರನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು, ಮೊದಮೊದಲು ಅಣಕಕ್ಕೆ, ಅರಿಯೆನಯ್ಯ ಎಂದರು. ಅವರು ಆ ಹೆಸರಿಗೆ ಓಗೊಟ್ಟರು.

ಹೀಗೆ ಹತ್ತು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಕೊಡ ಇಳಿಸಿ ತಿರುಗುತ್ತಿದ್ದವರನ್ನು ಈರವ್ವ ನಿಲ್ಲಿಸಿದಳು. ಅವಳ ಕೈ ಹಿಡಿದು ಐದು ವರ್ಷದ ಮಗಳು ನಿಂತಿದ್ದಳು. "ಇವಳಿಗೆ ಅಕ್ಷರ ತಿದ್ದಿಸ್ರಿ. ಮೊದಲು ಆ ಮಾತು ಕಲಿಸ್ರಿ, ಆಮೇಲೆ ಉಳಿದದ್ದು," ಎಂದಳು. ಕ್ಷಮಿಸಿದೆ ಎಂದು ಅವಳು ಬಾಯಿಬಿಟ್ಟು ಎಂದೂ ಹೇಳಲಿಲ್ಲ ಎನ್ನುತ್ತಾರೆ.

ಇಂದಿಗೂ ಬಿಳಿಗಲ್ಲೂರಿನಲ್ಲಿ ಮಗುವಿಗೆ ಅಕ್ಷರ ಕಲಿಸುವ ದಿನ ಎರಡೂ ಕೇರಿಯವರು ಈ ಕಲ್ಲಿನ ಹತ್ತಿರ ಬರುತ್ತಾರೆ. ಕುಂಬಾರರ ಮನೆಯ ಹೆಂಗಸೊಬ್ಬಳು ಹೊಸ ಕೊಡದಲ್ಲಿ ನೀರು ತಂದು ಕಲ್ಲಿನ ಬುಡಕ್ಕೂ ಮಗುವಿನ ಕೈಗೂ ಸುರಿಯುತ್ತಾಳೆ. ಮಗುವಿನ ಬೆರಳನ್ನು ಮೂರನೆಯ ಸಾಲಿನ ಆ ಎರಡು ಅಕ್ಷರದ ಮೇಲೆ ಇಡಿಸಿ, ಅರಿಯೆನು ಎಂದು ಹೇಳಿಸಿ, ಆಮೇಲೆ ಮರಳಿನ ಮೇಲೆ ಓಂಕಾರ ಬರೆಸುತ್ತಾರೆ. ಕೆಲವು ವರ್ಷದ ಹಿಂದೆ ಶಾಸನ ಬಲ್ಲ ವಿದ್ವಾಂಸರೊಬ್ಬರು ಬಂದು, ಒದ್ದೆ ಕಾಗದ ಹೊದಿಸಿ ಕಲ್ಲಿನ ಪಡಿಯಚ್ಚು ತೆಗೆದುಕೊಂಡರು. ಹದಿಮೂರು ಸಾಲನ್ನು ಸರಾಗವಾಗಿ ಓದಿದವರು ಮೂರನೆಯದರ ಮುಂದೆ ನಿಂತರು. ಮಕ್ಕಳ ಬೆರಳು ತಾಗಿ ತಾಗಿ ಅಲ್ಲಿ ಕಲ್ಲು ಹೊಳೆಯ ಗುಂಡುಕಲ್ಲಿನಂತೆ ನುಣುಪಾಗಿ, ಎರಡು ಗುಳಿ ಮಾತ್ರ ಉಳಿದಿವೆ. ಸುತ್ತ ನಿಂತ ಹೆಂಗಸರು ಅವರ ಬಾಯನ್ನೇ ನೋಡುತ್ತಿದ್ದರು. ವಿದ್ವಾಂಸರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಗುಳಿಗಳಲ್ಲಿ ತಮ್ಮ ಬೆರಳಿಟ್ಟು, ಮೆಲ್ಲಗೆ ಆ ಮಾತು ಹೇಳಿದರು. ಹೆಂಗಸರು ಅವರ ಕೈಗೂ ಕೊಡದ ನೀರು ಹಾಕಿದರು.