ಹುರಿಹಳ್ಳಿ ಸಿರಿವಂತವಾದ ಬಗೆ

"ನನ್ನಂಥ ಜಾಣ ಈ ರಾಜ್ಯದಲ್ಲಿ ಇನ್ನೊಬ್ಬ ಸಿಕ್ಕಿದರೆ ಈ ಮೀಸೆ ಬೋಳಿಸುತ್ತೇನೆ!" ಅಂತ ಮಂತ್ರಿ ದಾಮಪ್ಪ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಹುರಿಹಳ್ಳಿಯನ್ನೇ ನೋಡಿ ಪ್ರಭು. ಮೂರು ವರ್ಷದ ಹಿಂದೆ ತಲೆಗೆ ಐದು ಹೊನ್ನು ವರಮಾನ. ಈಗ ಹೆಚ್ಚುಕಮ್ಮಿ ಹತ್ತು! ಬೊಕ್ಕಸದಿಂದ ಬಿಡಿಗಾಸೂ ಖರ್ಚಿಲ್ಲ."

ದೊರೆ ಕೆಂಚರಸನಿಗೆ ಖುಷಿಯೋ ಖುಷಿ. "ಹಾಗಾದರೆ ಕಂದಾಯವೂ ಇಮ್ಮಡಿಯಾಗಲಿ, ಮುಂದಿನ ಸೋಮವಾರದಿಂದಲೇ!"

ಕಂಬದ ಪಕ್ಕ ನಿಂತಿದ್ದ ಉಗ್ರಾಣದ ತಿಪ್ಪವ್ವ ಇದನ್ನು ಕೇಳಿಸಿಕೊಂಡಳು. ಹುರಿಹಳ್ಳಿ ಅವಳ ತವರು, ಹಗ್ಗ ಹೊಸೆಯುವವರ ಊರು. ಅಣ್ಣ ಕರಿಬಸಪ್ಪ ನಿನ್ನೆ ತಾನೇ ಬಂದು ಹೇಳಿಹೋಗಿದ್ದ: "ಕಂದಾಯ ಇನ್ನೊಂದು ಕಾಸು ಏರಿದರೂ ನಾವೂ ಗಂಟುಮೂಟೆ ಕಟ್ಟೋದೇ ಕಣವ್ವ. ಹಗ್ಗ ಹೊಸೆಯೋಕೆ ಆ ತುದಿಗೊಬ್ಬರು, ಈ ತುದಿಗೊಬ್ಬರು, ನಡುವೆ ಒಬ್ಬರು ಬೇಕು. ಊರಲ್ಲಿ ಹೊಸೆಯೋ ಕಸುಬಿನವರು ಅಂತ ಉಳಿದಿರೋದೇ ನಾನು, ನಿನ್ನ ಅತ್ತಿಗೆ."

ತಿಪ್ಪವ್ವ ಮುಂದೆ ಬಂದು ಕೈಮುಗಿದಳು. "ಮಂತ್ರಿಗಳೇ, ನಾನು ಉಪ್ಪು ಹುಣಿಸೆ ಅಳೆಯೋಳು. ಇದು ಹೇಗೆ ಮಾಡಿದಿರಿ ಅಂತ ಸ್ವಲ್ಪ ಹೇಳಿಕೊಡಿ."

"ಸುಲಭ ಕಣಮ್ಮ. ಊರಿನ ವರಮಾನವನ್ನೆಲ್ಲ ಕೂಡಿಸು, ತಲೆ ಎಣಿಸು, ಭಾಗಿಸು."

"ಆಗ ಎಷ್ಟು ತಲೆ ಇದ್ದವು?"

"ನೂರು."

"ಈಗ?"

"ಮೂವತ್ತು," ಅಂದ ದಾಮಪ್ಪ, ದನಿ ಕೊಂಚ ಇಳಿಸಿ.

ತಿಪ್ಪವ್ವನಿಗೆ ಗುಟ್ಟು ಗೊತ್ತಾಯಿತು. ಊರಗೌಡನ ಇನ್ನೂರು ಹೊನ್ನು ಆಗಲೂ ಇತ್ತು, ಈಗಲೂ ಇದೆ. ಮಿಕ್ಕವರಿಗೆ ಆಗಲೂ ಮೂರೇ, ಈಗಲೂ ಮೂರೇ. ಬಿಟ್ಟು ಹೋದವರೆಲ್ಲ ಆ ಮೂರು ಹೊನ್ನಿನವರು.

"ಆಹಾ, ಎಂಥ ವಿದ್ಯೆ!" ಅಂದಳು. "ಬುದ್ಧಿ, ಅಪ್ಪಣೆಯಾದರೆ ಅರಮನೆಯವರ ತಲೆವರಮಾನವನ್ನೂ ಹೀಗೇ ಇಮ್ಮಡಿ ಮಾಡ್ತೀನಿ. ನಾಳೆ ತಿಂಡಿ ಹೊತ್ತಿಗೆ."

"ಮಾಡಿದರೆ ಕೇಳಿದ್ದು ಕೊಡುತ್ತೇನೆ," ಅಂದ ದೊರೆ. "ಆಗದಿದ್ದರೆ ಉಗ್ರಾಣದ ಬೀಗದಕೈ ಇಟ್ಟು ಮನೆಗೆ ನಡಿ."

ಮರುದಿನ ದೊರೆ ಎದ್ದ. ಬಿಸಿನೀರಿಲ್ಲ. ರುಮಾಲು ಸುತ್ತುವವನಿಲ್ಲ. ತಾನೇ ಸುತ್ತಿಕೊಂಡರೆ ಅದು ಕಣ್ಣಿನ ಮೇಲೆ ಜಾರಿತು. ಹಾಗೇ ತಡವರಿಸುತ್ತ ಅಡುಗೆಮನೆಗೆ ಬಂದರೆ ಒಲೆಯಲ್ಲಿ ಬೆಕ್ಕು ಮಲಗಿತ್ತು. ಪಕ್ಕದಲ್ಲಿ ತಿಪ್ಪವ್ವ ನಿಂತಿದ್ದಳು.

"ತಿಂಡಿ ಎಲ್ಲೇ?"

"ತಲೆವರಮಾನ ನಾಲ್ಕು ಪಟ್ಟಾಗಿದೆ, ಬುದ್ಧಿ! ಸಣ್ಣ ಸಂಬಳದವರನ್ನೆಲ್ಲ ಊರಿಗೆ ಕಳಿಸಿಬಿಟ್ಟೆ. ಈಗ ಅರಮನೆ ತುಂಬ ಸಿರಿವಂತರೇ. ಅವಲಕ್ಕಿ ಕಲಸೋಕೆ ಬರೋರು ಮಾತ್ರ ಒಬ್ಬರೂ ಉಳಿದಿಲ್ಲ."

"ನೀರಾದರೂ ಸೇದಯ್ಯಾ!" ಅಂತ ದೊರೆ, ಅಷ್ಟರಲ್ಲಿ ಅಲ್ಲಿಗೆ ಬಂದ ದಾಮಪ್ಪನ ಮೇಲೆ ರೇಗಿದ. ದಾಮಪ್ಪ ಬಾವಿಗೆ ಬಿಂದಿಗೆ ಇಳಿಸಿದ. ಸವೆದಿದ್ದ ಹಗ್ಗ ಪಟ್ಟನೆ ಕಡಿದು ಬಿಂದಿಗೆ ದುಡುಮ್ಮೆಂದಿತು.

"ಹೊಸ ಹಗ್ಗ ತರಿಸಿ!"

"ಅದು ಹುರಿಹಳ್ಳಿಯಿಂದ ಬರಬೇಕು, ಬುದ್ಧಿ," ಅಂದಳು ತಿಪ್ಪವ್ವ. "ಅವರೂ ನಮ್ಮ ಹಾಗೇ ಸಿರಿವಂತರಾಗಿದ್ದಾರೆ. ಹೊಸೆಯೋಕೆ ಮೂರನೆಯವರು ಸಿಗೋದಿಲ್ಲ."

ದೊರೆ ಬಾವಿಕಟ್ಟೆಯ ಮೇಲೆ ಕುಸಿದು ಕೂತ. ರುಮಾಲನ್ನು ಕಣ್ಣಿನಿಂದ ಮೇಲೆತ್ತಿ ಅವಳನ್ನೇ ನೋಡಿದ. "ಗೆದ್ದೆ ಕಣವ್ವ. ಏನು ಬೇಕು ಕೇಳು."

"ನಮ್ಮೂರಿನ ತಲೆವರಮಾನ ಮತ್ತೆ ಐದು ಹೊನ್ನಿಗೆ ಇಳಿಸಿಬಿಡಿ, ಬುದ್ಧಿ. ಎಪ್ಪತ್ತು ಜನ ವಾಪಸು ಬಂದರೆ ತಾನಾಗಿ ಇಳಿಯುತ್ತೆ."

ಹಸಿದ ಹೊಟ್ಟೆ ಹಿಡಿದುಕೊಂಡೇ ದೊರೆ ಬಿದ್ದು ಬಿದ್ದು ನಕ್ಕ. ಇಮ್ಮಡಿ ಕಂದಾಯದ ಅಪ್ಪಣೆಯನ್ನು ಅಲ್ಲೇ ರದ್ದು ಮಾಡಿದ. ಊರಿಗೆ ಮರಳುವವರಿಗೆ ಮೂರು ವರ್ಷ ಕಂದಾಯವೇ ಇಲ್ಲ ಅಂದ. ಆಮೇಲೆ ಮಂತ್ರಿಯತ್ತ ತಿರುಗಿದ.

"ದಾಮಪ್ಪ, ನಿನ್ನಂಥ ಜಾಣ ಸಿಕ್ಕಿದರೆ ಮೀಸೆ ಬೋಳಿಸ್ತೀನಿ ಅಂದಿದ್ದೆಯಲ್ಲ?"

ದಾಮಪ್ಪ ಕಾಲಿಗೆ ಬಿದ್ದ. ದೊರೆ ಕನಿಕರಪಟ್ಟು ಅರ್ಧ ಮೀಸೆ ಸಾಕು ಅಂದ. ಸಂಜೆಗೆ, ಊರಿಗೆ ಹೋಗಿದ್ದ ಅರಮನೆಯ ಕ್ಷೌರಿಕ ಮರಳಿ ಬಂದು ಎಡಗಡೆಯದ್ದು ತೆಗೆದ.

ಮಂತ್ರಿ ಕನ್ನಡಿ ಹಿಡಿದು ಅಳುತ್ತಿದ್ದರೆ ತಿಪ್ಪವ್ವ ಸಮಾಧಾನ ಹೇಳಿದಳು:

"ಯಾಕೆ ಕೊರಗ್ತೀರಿ ಮಂತ್ರಿಗಳೇ? ಉಳಿದ ಒಂದೊಂದು ಕೂದಲಿಗೂ ಇನ್ನು ಇಮ್ಮಡಿ ಎಣ್ಣೆ!"