ಏಳು ಟಿ.ಸಿ.ಗಳಲ್ಲಿ ಖಾಲಿ ಉಳಿದ ಜಾಗ

ನಮ್ಮ ಹೈಸ್ಕೂಲಿನ ಗಂಟೆಯೆಂದರೆ ಬೇವಿನ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಬಾರಿಸುತ್ತಿದ್ದವನು ಜವಾನ ದುರುಗಪ್ಪ. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಆ ವರ್ಷ ಹೆಡ್‌ಮಾಸ್ತರರಿಗೆ ಹತ್ತನೇ ತರಗತಿಯಲ್ಲಿ ಶೇಕಡಾ ನೂರು ಫಲಿತಾಂಶ ತೋರಿಸುವ ಹುಚ್ಚು ಹಿಡಿಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫೇಲಾದ ನಾವು ಏಳು ಮಂದಿ ಅವರ ಕಣ್ಣಲ್ಲಿ ಕಸವಾದೆವು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮನ್ನು ಬಾಗಿಲಾಚೆ ನಿಲ್ಲಿಸಿ ದುರುಗಪ್ಪನನ್ನು ಕರೆದರು.

"ಈ ಏಳು ದಡ್ಡರ ಟಿ.ಸಿ. ಅವರವರ ಮನೆಗೆ ಮುಟ್ಟಿಸಿ ಬಾ. ನಾಳೆಯಿಂದ ಇವರು ನಮ್ಮ ಶಾಲೆಯವರಲ್ಲ."

ದುರುಗಪ್ಪ ಕಾಗದ ತಿರುವಿ ನೋಡಿದ. "ಸಾರ್, ಶಾಲೆ ಬಿಡೋ ಕಾರಣ ಬರೆಯೋ ಜಾಗ ಖಾಲಿ ಐತ್ರಿ."

"ಫೇಲ್ ಅಂತ ಹೇಳು."

"ಯಾವುದರಾಗ ಅಂತ ಕೇಳ್ತಾರ್ರಿ. ಉಳಿದದ್ದೆಲ್ಲ ಪಾಸು, ಏಳೂ ಮಂದಿ ಗಣಿತ ಒಂದರಾಗ ಫೇಲು."

"ಹಾಗೇ ಹೇಳು!"

"ಹೇಳ್ತೀನ್ರಿ. ಗಣಿತ ಕಲಿಸೋರು ಯಾರು ಅಂತ ಕೇಳಿದ್ರ ನಿಮ್ಮ ಹೆಸರು ಹೇಳ್ಲೋ, ಗೊತ್ತಿಲ್ಲ ಅನ್ಲೋ?"

ಮಾಸ್ತರರ ಮುಖ ಕೆಂಪಾಯಿತು. ಏಳೂ ಕಾಗದ ಕಿತ್ತುಕೊಂಡು ಡ್ರಾಯರಿಗೆ ತುರುಕಿದರು.

"ಹೋಗು, ಗಂಟೆ ಬಾರಿಸು."

"ಶಾಲೆ ಬಿಟ್ಟೈತಲ್ರಿ?"

"ಈ ಏಳು ಮಂದಿಗೆ ಬಿಟ್ಟಿಲ್ಲ. ಗಣಿತದ ಕ್ಲಾಸ್ ಇದೆ."

ಪರೀಕ್ಷೆ ಬರುವವರೆಗೂ ಆ ಕಂಬಿ ದಿನಾ ಸಂಜೆ ಇನ್ನೊಮ್ಮೆ ಮೊಳಗಿತು. ಏಳೂ ಮಂದಿ ಪಾಸಾದೆವು. ನನಗೆ ಗಣಿತದಲ್ಲಿ ಮೂವತ್ತೆಂಟು.

ಈಗ ಊರೂರಲ್ಲಿ ಶೇಕಡಾ ನೂರರ ಬ್ಯಾನರು ಕಟ್ಟುತ್ತಾರೆ. ನಾನು ಅದರಲ್ಲಿರುವ ಫೋಟೋ ನೋಡುವುದಿಲ್ಲ. ಎಷ್ಟು ಮಕ್ಕಳನ್ನು ಮನೆಗೆ ಅಟ್ಟಿದಿರಿ ಎಂದು ನೇರವಾಗಿ ಕೇಳುತ್ತೇನೆ. ಆ ಮಕ್ಕಳ ಟಿ.ಸಿ. ಹೊತ್ತು ಹೋದವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವೇ ಎಂದೂ ಕೇಳುತ್ತೇನೆ.